ವಾರಕ್ಕೆ ಎಷ್ಟು ದಿನ ಹಾರಿಸುತ್ತೀರಿ

ಅನುಗೊಂಡನಹಳ್ಳಿ
9-2-2025, ಭಾನುವಾರ

ಲಕ್ಷ್ಮಣಪ್ಪ ಮಾವನವರಿಗೆ ಅರ್ಪಿತ ಮಾಡುವ ನಮಸ್ಕಾರಗಳು.

ಇಲ್ಲಿ ಅಪ್ಪ, ಅಮ್ಮ, ತಮ್ಮ ಮಂಜೇಶ ಎಲ್ಲರೂ ಚೆನ್ನಾಗಿದ್ದಾರೆ. ನನಗೆ ಮಾತ್ರ ನಿನ್ನೆಯಿಂದ ಮೈಯೆಲ್ಲ ಉರಿ. ಜ್ವರವಲ್ಲ, ಪಿಳ್ಳಣ್ಣನವರ ಫೋನು.

ಪಟ ಸಂಘದ ಅಧ್ಯಕ್ಷರಾದ ಮೇಲೆ ಅವರ ದನಿಯೇ ಬೇರೆಯಾಗಿದೆ. ಈ ವರ್ಷ ಆಷಾಢದ ಹಬ್ಬದಲ್ಲಿ ಬೇಕಾದ ಕಡೆ ತಿರುಗಿಸಬಲ್ಲ ಎರಡು ದಾರದ, ನಾಲ್ಕು ದಾರದ ಪಟ ಹಾರಿಸುವವರೆಲ್ಲ ಕೂಗು ಹಾಕುವವನ ಮಾತು ಕೇಳಲೇಬೇಕಂತೆ. ಅವನು ತಿರುಗಿಸು ಎಂದರೆ ತಿರುಗಿಸಬೇಕು, ಇಳಿಸು ಎಂದರೆ ಇಳಿಸಬೇಕು. ಕಿವಿ ಕೇಳದವರಿಗೆ ಮೈದಾನದಲ್ಲಿ ಜಾಗವಿಲ್ಲವಂತೆ. ಅವರು ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಮೂವತ್ತೈದು ವರ್ಷ ಮಗ್ಗದ ಸದ್ದಿನಲ್ಲಿ ನಿಂತು ಕಿವಿ ಕಳೆದುಕೊಂಡವರು ಸಂಘದಲ್ಲಿ ನೀವೊಬ್ಬರೇ.

ಹೋದ ವರ್ಷ ಎಲ್ಲರೂ 'ಇಳಿಸಿ, ಇಳಿಸಿ' ಎಂದು ಕೂಗುತ್ತಿದ್ದಾಗ ನೀವು ಹಾರಿಸುತ್ತಲೇ ಇದ್ದು, ಪಟ ಹೋಗಿ ಕಡ್ಲೆಪುರಿ ಗಾಡಿಯ ಮೇಲೆ ಬಿತ್ತಲ್ಲ, ಅದನ್ನೇ ಹಿಡಿದುಕೊಂಡಿದ್ದಾರೆ. ಯಾರಿಗೂ ಏಟು ಬೀಳಲಿಲ್ಲ, ಅರ್ಧ ಮೂಟೆ ಪುರಿ ಚೆಲ್ಲಿತು, ಅಷ್ಟೇ.

ನಾನು ಸುಮ್ಮನಿರಲಿಲ್ಲ. "ಕೂಗೇ ಬೇಡದ ಜೋಡಿ ಇದ್ರೆ ಏನ್ ಮಾಡ್ತೀರಾ? ನಾನು, ಲಕ್ಷ್ಮಣಪ್ಪ ಮಾವ, ಇಬ್ರೂ ಎಣಿಕೆ ಮೇಲೆ ಹಾರಿಸ್ತೀವಿ. ಯಾರೂ ಬಾಯಿ ತೆಗೆಯೋ ಹಂಗಿಲ್ಲ" ಅಂದೆ. ಅವರು ನಕ್ಕರು. ನಕ್ಕು, "ಜೂನ್ ಒಂದನೇ ತಾರೀಕು ಬಂದು ಐದ್ ನಿಮಿಷ ಹಾರಿಸಿ ತೋರಿಸ್ರಿ, ಆಮೇಲೆ ಮಾತಾಡನ" ಅಂದರು. ನಿಮ್ಮನ್ನು ಕೇಳದೆ ಒಪ್ಪಿಕೊಂಡೆ. ಬೈಯುವುದಿದ್ದರೆ ಮುಂದಿನ ಕಾಗದದಲ್ಲಿ ಬೈಯಿರಿ.

ಸಂಕ್ರಾಂತಿಗೆ ನಿಮ್ಮ ಮನೆಗೆ ಬಂದಾಗ ಮಗ್ಗದ ಸದ್ದನ್ನು ಫೋನಿಗೆ ತುಂಬಿಕೊಂಡಿದ್ದೆ. ಎರಡು ಏಟಿಗೆ ಒಂದು ಎಣಿಕೆ, ನೀವು ಹೇಳಿಕೊಟ್ಟ ಹಾಗೆ. ನಾನು ಇಲ್ಲಿ ಅದನ್ನು ಕಿವಿಗೆ ಹಾಕಿಕೊಂಡು ಹಾರಿಸುತ್ತೇನೆ. ನೀವು ಅಲ್ಲಿ ಅದೇ ಎಣಿಕೆಗೆ ಹಾರಿಸಿ. ಎಣಿಕೆ ಒಂದೇ ಆದರೆ ಎಪ್ಪತ್ತು ಕಿಲೋಮೀಟರು ದೂರವಿದ್ದರೂ ನಾವು ಜೋಡಿಯೇ.

ವಾರಕ್ಕೆ ಎಷ್ಟು ದಿನ ಹಾರಿಸಬೇಕು, ನೀವೇ ಹೇಳಿ. ನಿಮಗೆ ಫೋನು ಕೇಳಿಸಲ್ಲ. ಮೆಸೇಜು ಹಾಕಿದರೆ ನಿಮ್ಮ ಸೊಸೆ ಸ್ನೇಹ ಓದಿ ಬೀದಿಗೆಲ್ಲ ಹೇಳುತ್ತಾಳೆ. ಅದಕ್ಕೇ ಕಾಗದ.

ಅರ್ಪಿತ

*

ದೊಡ್ಡಬಳ್ಳಾಪುರ
17-2-2025

ಚಿ. ಅರ್ಪಿತಳಿಗೆ ಲಕ್ಷ್ಮಣಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಬೆಂಗಳೂರೆಲ್ಲ ಸುತ್ತಿಕೊಂಡು ಐದು ದಿನಕ್ಕೆ ಬಂತು. ಬೈಯುವುದಿಲ್ಲ. ಓದಿದ ಮೇಲೆ ಎದ್ದು ಅಂಗಳದಲ್ಲಿ ಎರಡು ಸುತ್ತು ಓಡಾಡಿದೆ. ನನ್ನ ಪರವಾಗಿ ಒಬ್ಬರು ಜಗಳ ಆಡಿ ಎಷ್ಟು ವರ್ಷವಾಯಿತೋ.

ಪಿಳ್ಳಣ್ಣ ಕೆಟ್ಟವನಲ್ಲ. ಅವನ ಭಯ ಅವನಿಗೆ. ಆದರೆ ನಾಲ್ಕು ಜನದ ಎದುರು ಒಂದು ಮಾತು ನನ್ನನ್ನೇ ಕೇಳಬಹುದಿತ್ತು. ಬರೆದು ತೋರಿಸಿದರೆ ಓದಲು ನನಗೆ ಬರುತ್ತದೆ.

ಈಗ ಪಾಠ. ಮೊದಲು ಚೌಕ, ಒಂದೊಂದು ಮಗ್ಗುಲಿಗೆ ಎಂಟು ಎಣಿಕೆ. ಆಮೇಲೆ ನೀನು ಮುಂದೆ, ನಾನು ಹಿಂದೆ, ದೊಡ್ಡ ಸುತ್ತು. ಕೊನೆಗೆ ಜಡೆ. ಇಬ್ಬರ ದಾರವೂ ಒಂದಕ್ಕೊಂದು ಮೂರು ಸಲ ಹೆಣೆದುಕೊಳ್ಳಬೇಕು, ಮೂರು ಸಲ ಬಿಚ್ಚಿಕೊಳ್ಳಬೇಕು. ಹೆಣೆದಿದ್ದಾಗ ದಾರ ಬಿಗಿ ಇದ್ದರೆ ಪಟ ಮಾತು ಕೇಳುತ್ತದೆ. ಒಬ್ಬರು ಅರ್ಧ ಎಣಿಕೆ ಮುಂದೆ ಹೋದರೂ ಎರಡೂ ಪಟ ನೆಲಕ್ಕೆ. ಜಡೆಯನ್ನು ಒಬ್ಬರೇ ಕಲಿಯಲು ಆಗುವುದಿಲ್ಲ. ಎಣಿಕೆಯನ್ನು ಮಾತ್ರ ಒಬ್ಬರೇ ಕಲಿಯಬೇಕು.

ವಾರಕ್ಕೆ ಐದು ದಿನ. ಅದಕ್ಕಿಂತ ಕಡಿಮೆಯಾದರೆ ಹಾರಿಸುವುದೇ ಬೇಡ. ಬೆರಳು ಮರೆತುಬಿಡುತ್ತದೆ.

ನನ್ನ ಮಾತು ಬೇರೆ. ನನಗೆ ಮಗ್ಗದ ಕೆಲಸವೇ ಸರಿಹೋಗುತ್ತದೆ, ವಾರಕ್ಕೆ ಎರಡು ದಿನ ಬೆಟ್ಟದ ಕಡೆ ಹೋಗಿ ಬಂದರೆ ಹೆಚ್ಚು. ಅಷ್ಟು ಸಾಕು, ನಲವತ್ತು ವರ್ಷದ ಕೈ ಇದು.

ಈ ಕಾಗದದ ಜೊತೆ ನಿನ್ನ ಪಟಕ್ಕೆ ಎರಡು ಹೊಸ ದಾರ ಇಟ್ಟಿದ್ದೇನೆ. ಹಳೆಯದನ್ನು ಬಿಸಾಡು. ಎರಡೂ ಒಂದೇ ಉದ್ದ ಇವೆಯೋ ಇಲ್ಲವೋ ಗೋಡೆಗೆ ಮೊಳೆ ಹೊಡೆದು ಎಳೆದು ನೋಡು.

ಲಕ್ಷ್ಮಣಪ್ಪ

*

ಅನುಗೊಂಡನಹಳ್ಳಿ
16-3-2025

ಮಾವನವರಿಗೆ ನಮಸ್ಕಾರ.

ತಡವಾಗಿ ಬರೆಯುತ್ತಿದ್ದೇನೆ. ಸ್ಕೂಲಲ್ಲಿ ಪರೀಕ್ಷೆ ಶುರುವಾದರೆ ಪಿಟಿ ಮೇಡಂ ಅಂದರೆ ಎಲ್ಲರಿಗೂ ಸದರ. ಬೆಂಚು ಎತ್ತಿಸು, ಗಂಟೆ ಹೊಡಿಸು, ಕೊಠಡಿ ಕಾಯಿ. ಆಟದ ಪೀರಿಯಡ್ಡೆಲ್ಲ ಗಣಿತದ ಮೇಷ್ಟ್ರ ಪಾಲು.

ಆದರೂ ಹಾರಿಸುತ್ತಿದ್ದೇನೆ. ಐದು ದಿನ ಅಂದಿರಿ, ನಾನು ಏಳು ದಿನವೂ ಹೋಗುತ್ತಿದ್ದೇನೆ. ಚೌಕ ಚೆನ್ನಾಗಿ ಕೂತಿದೆ. ಮೂಲೆ ತಿರುವುವಾಗ ಮೊದಲು ಪಟ ಜಾರುತ್ತಿತ್ತು, ಈಗ ಇಲ್ಲ. ಗುರುವಾರ ಸಂಜೆಯಂತೂ ಎಂಥ ಗಾಳಿ, ಮುಕ್ಕಾಲು ಗಂಟೆ ಕೆಳಗಿಳಿಸಲೇ ಇಲ್ಲ.

ನಿಮ್ಮ ಮೇಲೆ ಸ್ವಲ್ಪ ಕೋಪ ಇದೆ, ಹೇಳಿಬಿಡುತ್ತೇನೆ. ನನಗೆ ಐದು ದಿನ ಎಂದು ಅಪ್ಪಣೆ ಕೊಟ್ಟು ನೀವು ಎರಡೇ ದಿನ ಹೋಗುವುದು ಯಾವ ನ್ಯಾಯ? ನಲವತ್ತು ವರ್ಷದ ಕೈ ಇರಬಹುದು. ಪಿಳ್ಳಣ್ಣ ನೋಡುವುದು ಜೂನ್ ಒಂದರ ಕೈಯನ್ನು. ನಿಮಗಾಗಿ ನಾನು ಮಾತು ಕೊಟ್ಟಿದ್ದೇನೆ. ಮಗ ಅಂತ ಅಭಿ ಅಣ್ಣ ಇದ್ದಾನಲ್ಲ, ಅವನು ಮಗ್ಗ ನೋಡಿಕೊಳ್ಳಲಿ, ನೀವು ಸಂಜೆ ಹೊರಗೆ ಬನ್ನಿ.

ಮಗ್ಗಗಳು ಹೇಗಿವೆ? ದಿನಾ ಅವುಗಳ ಸದ್ದು ಕಿವಿಯಲ್ಲಿ ಇಟ್ಟುಕೊಂಡು ಓಡಾಡುತ್ತೇನೆ. ಮೊದಲನೆಯದು ಸ್ವಲ್ಪ ಕುಂಟುತ್ತದೆ ಅಲ್ಲವೇ? ನಿಮಗೆ ಗೊತ್ತಿರುತ್ತದೆ.

ಅರ್ಪಿತ

*

ದೊಡ್ಡಬಳ್ಳಾಪುರ
2-4-2025

ಚಿ. ಅರ್ಪಿತಳಿಗೆ ಆಶೀರ್ವಾದ.

ಯುಗಾದಿ ಚೆನ್ನಾಗಿ ಆಯಿತು. ಒಬ್ಬಟ್ಟು ತಿಂದು ಮಲಗಿದ್ದೆ, ನಿನ್ನ ಬೈಗುಳ ನೆನಪಾಗಿ ಎದ್ದು ಕೂತೆ.

ನೀನು ಹೇಳುವುದು ನ್ಯಾಯವೇ. ಆದರೆ ಮದುವೆಗಳ ಕಾಲದಲ್ಲಿ ಸೀರೆಯ ಕೆಲಸ ಎಷ್ಟಿರುತ್ತದೆ ಎಂದು ನಿಮ್ಮ ಕಡೆಯವರಿಗೆ ತಿಳಿಯುವುದಿಲ್ಲ. ನಾಲ್ಕು ಮಗ್ಗವೂ ಬಿಡುವಿಲ್ಲದೆ ಓಡುತ್ತಿವೆ. ನಾನಿಲ್ಲದಿದ್ದರೆ ಯಾವುದೂ ನಡೆಯುವುದಿಲ್ಲ. ಹಾಗಾಗಿ ಎರಡು ದಿನವೇ. ಮಗ್ಗದ ಮನೆಯಲ್ಲಿ ನಿಂತಾಗ ಅಂಗಾಲಿಗೆ ಏಟು ತಿಳಿಯುತ್ತದೆ, ಅಲ್ಲೇ ನಿಂತು ಬರಿಗೈಯಲ್ಲಿ ಎಣಿಕೆ ಹಾಕಿಕೊಳ್ಳುತ್ತೇನೆ. ಅದೂ ಅಭ್ಯಾಸವೇ.

ಒಂದು ಮಾತು. ನೀನು ಮುಕ್ಕಾಲು ಗಂಟೆ ಹಾರಿಸಿದೆ ಎಂದು ಬರೆದ ಗುರುವಾರ ಇಲ್ಲಿ ಒಂದು ಎಲೆ ಅಲುಗಲಿಲ್ಲ. ನಿಮ್ಮ ಹೊಸಕೋಟೆ ಕಡೆಗೆ ಬೇರೆ ಗಾಳಿ ಕೊಡುತ್ತಾರೋ ಏನೋ. ಕೊಡುವುದಾದರೆ ನಮ್ಮೂರಿಗೂ ಸ್ವಲ್ಪ ಕಳಿಸು.

ಲಕ್ಷ್ಮಣಪ್ಪ

*

ಅನುಗೊಂಡನಹಳ್ಳಿ
4-5-2025

ಮಾವನವರಿಗೆ ನಮಸ್ಕಾರ.

ಸೋದರತ್ತೆಯ ಮಗಳ ಮದುವೆ, ಆಮೇಲೆ ಮಕ್ಕಳ ಬೇಸಿಗೆ ಶಿಬಿರ, ಬರೆಯಲು ಆಗಲಿಲ್ಲ. ಅಭ್ಯಾಸ ನಡೆಯುತ್ತಿದೆ. ಗಾಳಿ ನಿಮ್ಮ ಕಡೆಗಿಂತ ಇಲ್ಲಿ ಸ್ವಲ್ಪ ಹೆಚ್ಚೇ ಇರುತ್ತದೆ.

ಜೂನ್ ಒಂದನೇ ತಾರೀಕು ಬೆಳಗ್ಗೆ ಒಂಬತ್ತಕ್ಕೆ ಮೈದಾನದಲ್ಲಿ ಇರುತ್ತೇನೆ. ನೀವು ಮಾತ್ರ ಎರಡನ್ನು ಮೂರು ದಿನವಾದರೂ ಮಾಡಿ, ಕೈಮುಗಿದು ಕೇಳುತ್ತೇನೆ.

ಅರ್ಪಿತ

*

ದೊಡ್ಡಬಳ್ಳಾಪುರ
3-6-2025

ಅರ್ಪಿತ,

ಭಾನುವಾರ ನೀನು ಬಸ್ಸು ಹತ್ತುವಾಗ ನನ್ನ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ. ಹೀಗೆ ಬಿಟ್ಟರೆ ಮನಸ್ಸಿನಲ್ಲಿ ಉಳಿದು ಹುಳಿಯಾಗುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಚೌಕದ ಎರಡನೇ ಮಗ್ಗುಲಿಗೇ ನೀನು ಹಿಂದೆ ಬಿದ್ದೆ. ಸುತ್ತಿನಲ್ಲಿ ಇನ್ನೂ ಹಿಂದೆ. ಜಡೆಯ ಮೊದಲ ಹೆಣಿಗೆಗೆ ನನ್ನ ದಾರ ನಿನ್ನದಕ್ಕೆ ಸಿಕ್ಕಿ ಎರಡೂ ಪಟ ಪಿಳ್ಳಣ್ಣನ ಕಾಲ ಹತ್ತಿರ ಬಿದ್ದವು. ಎರಡು ನಿಮಿಷವೂ ಆಗಿರಲಿಲ್ಲ. ಅಲ್ಲಿ ನಿಂತವರು ಏನೇನು ಅಂದರೋ ನನಗೆ ಕೇಳಲಿಲ್ಲ. ತುಟಿಗಳು ಕಂಡವು.

ದಾರ ಬಿಡಿಸಲು ಕೂತೆವಲ್ಲ, ಆಗ ನಿನ್ನ ದಾರ ಹಿಡಿದು ನೋಡಿದೆ. ನಾಲ್ಕು ತಿಂಗಳು ದಿನಾ ನೆಲಕ್ಕೆ ಹಾಕಿದ ದಾರ ನಮ್ಮ ಕೆಮ್ಮಣ್ಣು ಹಿಡಿದು ಕಂದು ಬಣ್ಣಕ್ಕೆ ತಿರುಗಿರಬೇಕು. ನಿನ್ನದು ಹೆಚ್ಚುಕಡಿಮೆ ನಾನು ಕಳಿಸಿದ ದಿನದ ಹಾಗೆ ಬಿಳಿ. ಏಳು ದಿನ ಅಂದೆ. ಏಳು ದಿನದ ದಾರ ನಾನು ನೋಡಿದ್ದೇನೆ ಕಣಮ್ಮ.

ಹಾರಿಸಲು ಆಗದಿದ್ದರೆ ಆಗಲಿಲ್ಲ ಎನ್ನಬಹುದಿತ್ತು. ಕಿವುಡನಿಗೆ ಏನು ಬರೆದರೂ ನಡೆಯುತ್ತದೆ ಅಂದುಕೊಂಡೆಯಾ?

ಪಿಳ್ಳಣ್ಣ ಮನೆಗೆ ಬಂದಿದ್ದ. ಜುಲೈ ಹದಿಮೂರಕ್ಕೆ ಹಬ್ಬ. ನಾನು ಹಾರಿಸುವುದು ಬೇಡವಂತೆ, ಸಂಜೆ ನಾಲ್ಕಕ್ಕೆ ವೇದಿಕೆಯ ಮೇಲೆ ಕೂರಿಸಿ ಶಾಲು ಹೊದಿಸುತ್ತಾರಂತೆ. ಹಿರಿಯ ಪಟಗಾರ ಎಂದು ಹಣ್ಣಿನ ಬುಟ್ಟಿ ಬೇರೆ. ಅಭಿಗೆ ಬಹಳ ಸಂತೋಷ. ನೀನು ಸಂಘದ ಹುಡುಗ ಅಂಜನ್ ಜೊತೆ ಹಾರಿಸಬಹುದಂತೆ. ಅವನಿಗೆ ಕಿವಿ ಚೆನ್ನಾಗಿ ಕೇಳುತ್ತದೆ, ಹಾರಿಸು.

ಲಕ್ಷ್ಮಣಪ್ಪ

*

ಅನುಗೊಂಡನಹಳ್ಳಿ
8-6-2025

ಮಾವನವರಿಗೆ,

ನಿಮ್ಮ ಕಾಗದ ಮೂರು ಸಲ ಓದಿದೆ. ಮೊದಲ ಸಲ ಅತ್ತೆ. ಎರಡನೇ ಸಲ ನಾಚಿಕೆಯಾಯಿತು. ಮೂರನೇ ಸಲ ಸಿಟ್ಟು ಬಂತು. ಸಿಟ್ಟಲ್ಲೇ ಬರೆಯುತ್ತಿದ್ದೇನೆ, ಕ್ಷಮಿಸಿ.

ಸುಳ್ಳು ಬರೆದೆ, ನಿಜ. ನಮ್ಮ ಮನೆ ಹಿಂದಿನ ಹೊಲ ಗುಲಾಬಿ ಬೆಳೆಯುವವರಿಗೆ ಗುತ್ತಿಗೆಗೆ ಹೋಗಿ, ಅಲ್ಲೆಲ್ಲ ಪ್ಲಾಸ್ಟಿಕ್ ಮನೆ ಎದ್ದಿದೆ. ಹಾರಿಸಬೇಕೆಂದರೆ ಸಮೇತನಹಳ್ಳಿ ಸ್ಕೂಲ್ ಮೈದಾನಕ್ಕೆ ಹೋಗಬೇಕು. ಸ್ಕೂಟರು ಮಂಜೇಶನ ಕೈಯಲ್ಲಿ. ನನ್ನ ಸಂಬಳದಲ್ಲಿ ತೆಗೆದ ಸ್ಕೂಟರು, ನನಗೆ ಸಿಗುವುದು ಬುಧವಾರ, ಭಾನುವಾರ. ಎಷ್ಟೋ ವಾರ ಅದೂ ಇಲ್ಲ. ಐದಕ್ಕಿಂತ ಕಡಿಮೆಯಾದರೆ ಬೇಡವೇ ಬೇಡ ಅಂದಿದ್ದಿರಿ. ಒಂದೂವರೆ ದಿನ ಎಂದು ಬರೆದರೆ ನೀವು ಪಟ ಮಡಚಿ ಇಟ್ಟುಬಿಡುತ್ತೀರಿ ಎಂದು ಹೆದರಿದೆ. ನೀವು ಕಿವುಡರು ಅಂತ ಸುಳ್ಳು ಬರೆಯಲಿಲ್ಲ. ಆ ಮಾತನ್ನು ವಾಪಸ್ಸು ತೆಗೆದುಕೊಳ್ಳಿ. ಅದು ಮನಸ್ಸಿಗೆ ಚುಚ್ಚಿದೆ.

ಈಗ ನನ್ನ ಸರದಿ. ನೀವು ನನ್ನ ದಾರ ನೋಡಿದಿರಿ. ನಾನು ನಿಮ್ಮ ಬೆರಳು ನೋಡಿದೆ. ತೋರುಬೆರಳು, ನಡುಬೆರಳು ಎರಡಕ್ಕೂ ಬಟ್ಟೆ ಸುತ್ತಿದ್ದಿರಿ. ಬಟ್ಟೆಯ ಕೆಳಗೆ ದಾರ ಕೊರೆದ ಗಾಯ ಒಂದರ ಮೇಲೊಂದು. ವಾರಕ್ಕೆ ಎರಡು ದಿನ ಹಾರಿಸಿದವರ ಬೆರಳಲ್ಲ ಅದು. ನನ್ನ ಬೆರಳು ಎರಡು ದಿನದ್ದು, ಬೇಕಾದರೆ ಹೋಲಿಸಿ ನೋಡಿ. ನನಗೇಕೆ ಕಡಿಮೆ ಹೇಳಿದಿರಿ?

ಇನ್ನೊಂದು. ನಾನು ಹಿಂದೆ ಬಿದ್ದೆ ಅಂದಿರಿ. ಕಡಿಮೆ ಹಾರಿಸಿದ್ದು ಸತ್ಯ, ಆದರೆ ಹಾರಿಸಿದ ದಿನವೆಲ್ಲ ನಿಮ್ಮ ಮಗ್ಗದ ಏಟಿಗೇ ಹಾರಿಸಿದ್ದೇನೆ. ಅವತ್ತೂ ಅದೇ ಎಣಿಕೆ ಹಾಕಿದೆ. ಬಸ್ಸಲ್ಲಿ ಕೂತು ಫೋನು ಹಚ್ಚಿ ಮತ್ತೆ ಎಣಿಸಿದೆ. ನಾನು ಸರಿ ಇದ್ದೆ. ನೀವು ಮುಂದೆ ಓಡುತ್ತಿದ್ದಿರಿ. ನಿಮ್ಮ ಚೌಕ ನನ್ನ ಚೌಕಕ್ಕಿಂತ ಚಿಕ್ಕದಿತ್ತು. ಯಾಕೆ?

ಅಂಜನ್ ಜೊತೆ ಹಾರಿಸಲ್ಲ. ಪಿಳ್ಳಣ್ಣನವರಿಗೆ ಅವತ್ತೇ ಹೇಳಿ ಬಂದೆ, ನಿಮಗೆ ಕೇಳಲಿಲ್ಲ.

ಅರ್ಪಿತ

*

ದೊಡ್ಡಬಳ್ಳಾಪುರ
14-6-2025

ಚಿ. ಅರ್ಪಿತಳಿಗೆ ಆಶೀರ್ವಾದ.

ಆ ಮಾತನ್ನು ವಾಪಸ್ಸು ತೆಗೆದುಕೊಂಡಿದ್ದೇನೆ. ಬರೆದ ದಿನವೇ ತೆಗೆದುಕೊಳ್ಳಬೇಕಿತ್ತು, ಅಂಚೆ ಡಬ್ಬಿಗೆ ಹಾಕಿಬಿಟ್ಟಿದ್ದೆ.

ಯಾಕೆ ಎಂದು ಕೇಳಿದೆಯಲ್ಲ, ಹೇಳುತ್ತೇನೆ. ಹಳೆಯ ಮಗ್ಗಗಳು ಈಗ ಇಲ್ಲ. ಫೆಬ್ರವರಿಯಲ್ಲಿ, ನಿನ್ನ ಮೊದಲ ಕಾಗದ ಬರುವ ಹತ್ತು ದಿನ ಮುಂಚೆ, ಅಭಿ ನಾಲ್ಕನ್ನೂ ಗುಜರಿಗೆ ಕೊಟ್ಟು ಹೊಸದು ಹಾಕಿಸಿದ. ಹೊಸ ಮಗ್ಗಕ್ಕೆ ಲಾಳಿ ಇಲ್ಲ. ಎಳೆ ತುಂಡಾದರೆ ತಾನೇ ನಿಲ್ಲುತ್ತದೆ, ಒಂದು ಕೆಂಪು ದೀಪ ಹತ್ತುತ್ತದೆ. ಮೊದಲು ಅಂಗಾಲಿಗೆ ಏಟು ತಪ್ಪಿದ್ದು ತಿಳಿದು ನಾನು ಓಡಿಹೋಗಿ ನಿಲ್ಲಿಸುತ್ತಿದ್ದೆ. ಈಗ ನನ್ನ ಕೆಲಸವನ್ನು ಆ ದೀಪ ಮಾಡುತ್ತದೆ. ಮಗ ಒಳ್ಳೆಯ ಮನಸ್ಸಿನಿಂದಲೇ, "ಅಪ್ಪ, ಇನ್ಮೇಲೆ ಆರಾಮಾಗಿರು" ಎಂದು ಚೀಟಿಯಲ್ಲಿ ಬರೆದು ತೋರಿಸಿದ. ನನಗೆ ಆರಾಮ ಎಂದರೆ ಏನು ಮಾಡುವುದು ಎಂದೇ ತಿಳಿಯದು.

ದಿನಾ ಹಾರಿಸುತ್ತೇನೆ. ಕೆಲವು ದಿನ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ. ಹಾಗೆ ಬರೆದರೆ ಇವನಿಗೆ ಬೇರೆ ಕೆಲಸವಿಲ್ಲ ಎಂದು ನಿನಗೆ ಗೊತ್ತಾಗುತ್ತಿತ್ತು. ಎರಡು ದಿನ ಎಂದು ಬರೆದಾಗ ಕಾಗದದಲ್ಲಾದರೂ ನಾನು ಇನ್ನೂ ನೇಕಾರನಾಗಿದ್ದೆ. ಅಷ್ಟಕ್ಕೇ ಬರೆದೆ.

ಎಣಿಕೆಯ ವಿಷಯ ನೀನು ಹೇಳಿದ ಮೇಲೆ ಹೊಳೆಯಿತು. ಹಾರಿಸಲು ಹೋಗುವ ಮುಂಚೆ ದಿನಾ ಮಗ್ಗದ ಮನೆಯಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದೆ. ಕೆಲಸಕ್ಕಲ್ಲ, ಸುಮ್ಮನೆ. ಏಟನ್ನು ಅಂಗಾಲಿಗೆ ತುಂಬಿಕೊಂಡು ಹೋಗುತ್ತಿದ್ದೆ. ಹಳೆಯದು ನಿಮಿಷಕ್ಕೆ ನೂರಿಪ್ಪತ್ತು ಏಟು. ಹೊಸದು ನೂರ ಅರವತ್ತು ಎಂದು ಅಭಿ ಬರೆದು ತೋರಿಸಿದ. ಒಬ್ಬನೇ ಹಾರಿಸುವಾಗ ಚೌಕ ಚಿಕ್ಕದಾದರೆ ಯಾರಿಗೆ ಗೊತ್ತಾಗಬೇಕು. ನಾಲ್ಕು ತಿಂಗಳು ದಿನಾ ಹಾರಿಸಿ ತಪ್ಪನ್ನೇ ಗಟ್ಟಿ ಮಾಡಿಕೊಂಡೆ. ನೀನು ಒಂದೂವರೆ ದಿನ ಹಾರಿಸಿ ಸರಿಯಾಗಿ ಹಾರಿಸಿದೆ. ನಗು ಬರುತ್ತಿದೆ, ಆದರೆ ಪೂರ್ತಿ ನಗಲು ಆಗುತ್ತಿಲ್ಲ.

ಶಾಲಿಗೆ ಒಪ್ಪಿಕೊಂಡೆ. ಮನೆಯವರ ಮುಖ ನೋಡಿ ಬೇಡ ಅನ್ನಲು ಆಗಲಿಲ್ಲ. ಆಹ್ವಾನ ಪತ್ರಿಕೆಯಲ್ಲಿ ಹೆಸರೂ ಹಾಕಿಸಿದ್ದಾರೆ.

ಲಕ್ಷ್ಮಣಪ್ಪ

*

ಅನುಗೊಂಡನಹಳ್ಳಿ
19-6-2025

ಮಾವನವರಿಗೆ ನಮಸ್ಕಾರ.

ಕಾಗದ ಓದಿ ಎದ್ದು ಹೋಗಿ ಮಂಜೇಶನ ಮುಂದೆ ಕೈಚಾಚಿದೆ. ಕೀ ಕೊಡು ಅಂದೆ. "ಅಕ್ಕಾ, ನಾನು ಫ್ರೆಂಡ್ ಮನೆಗ್ ಹೋಗ್ಬೇಕು ಕಣೇ" ಅಂದ. "ಬಸ್ಸಲ್ಲಿ ಹೋಗೋ, ನಾಲ್ಕ್ ತಿಂಗ್ಳಿಂದ ನಾನ್ ಹೋಗ್ಲಿಲ್ವಾ" ಅಂದೆ. ಅಮ್ಮ ಅಡುಗೆ ಮನೆಯಿಂದಲೇ, "ಮದ್ವೆ ವಯಸ್ಸಲ್ಲಿ ಪಟ ಹಾರಿಸ್ಕೊಂಡ್ ತಿರುಗ್ತಾಳಂತೆ" ಎಂದರು. "ಮದ್ವೆ ದಿನಾನೂ ಹಾರಿಸ್ತೀನಿ, ಗಾಳಿ ಇದ್ರೆ" ಅಂದೆ. ಅಪ್ಪ ಪೇಪರಿನ ಹಿಂದೆ ನಕ್ಕಿದ್ದು ಗೊತ್ತಾಯಿತು. ಕೀ ಈಗ ನನ್ನ ದಿಂಬಿನ ಕೆಳಗಿದೆ.

ನೀವು ಶಾಲು ತೆಗೆದುಕೊಳ್ಳಿ. ಬೇಡ ಅನ್ನಲು ನಾನು ಯಾರು? ಆದರೆ ಅದು ನಾಲ್ಕು ಗಂಟೆಗೆ. ಮೂರೂವರೆಗೆ ಏನೂ ಕೆಲಸವಿಲ್ಲ ತಾನೇ?

ಹಬ್ಬದ ಮೈದಾನದ ಪಕ್ಕದ ಬೀಳು ಹೊಲ ಮುನಿವೆಂಕಟಪ್ಪನವರದ್ದು. ಅವರ ಮೊಮ್ಮಗಳು ಸಿಂಚನ ನಮ್ಮ ಸ್ಕೂಲಲ್ಲಿ ಖೋಖೋ ಆಡುತ್ತಾಳೆ. ಹೋಗಿ ಕೇಳಿದೆ. "ನನ್ ಹೊಲ್ದಾಗೆ ಯಾರ್ ಪಟ ಬಿಟ್ರೆ ಯಾವನಿಗೇನಮ್ಮ, ಬಿಡ್ರಿ" ಎಂದರು. ಸುತ್ತ ತಂತಿ ಬೇಲಿ ಇದೆ, ಜನ ಬರುವುದಿಲ್ಲ, ಗಾಡಿ ಬರುವುದಿಲ್ಲ. ಪಿಳ್ಳಣ್ಣನವರ ಭಯಕ್ಕೂ ಜಾಗವಿಲ್ಲ. ಅವರ ಮೈದಾನ ಅವರಿಗೇ ಇರಲಿ. ನಮಗೆ ಹೊಲ ಸಾಕು.

ಎರಡು ಷರತ್ತು. ಒಂದು, ಇನ್ನು ಮಗ್ಗದ ಮನೆಗೆ ಹೋಗಿ ನಿಲ್ಲಬೇಡಿ. ಇದು ಕಷ್ಟದ ಮಾತು ಎಂದು ಗೊತ್ತಿದ್ದೇ ಕೇಳುತ್ತಿದ್ದೇನೆ. ಮೂವತ್ತೈದು ವರ್ಷ ನಿಂತ ಏಟು ನಿಮ್ಮ ಕಾಲಲ್ಲಿ ಇದ್ದೇ ಇದೆ, ಮೇಲಿನ ನಾಲ್ಕು ತಿಂಗಳು ಕಳಚಿಕೊಂಡರೆ ಅದೇ ಸಿಗುತ್ತದೆ. ಎರಡು, ವಾರವಾರ ಕಾರ್ಡು. ಎಷ್ಟು ದಿನ ಹಾರಿಸಿದಿರಿ, ಅದೊಂದೇ. ಸುಳ್ಳು ಬೇಡ, ನೀವೂ ಬೇಡ, ನಾನೂ ಬೇಡ.

ಭಾನುವಾರಗಳಂದು ನಾನೇ ಸ್ಕೂಟರಲ್ಲಿ ಬರುತ್ತೇನೆ, ಜಡೆ ಕೂಡಿಸೋಣ.

ಅರ್ಪಿತ

*

ದೊಡ್ಡಬಳ್ಳಾಪುರ
28-6-2025

ಆರು ದಿನ. ಮಂಗಳವಾರ ಸೊಂಟ ಹಿಡಿದಿತ್ತು. ಮಗ್ಗದ ಮನೆಗೆ ಹೋಗಿಲ್ಲ. ಬಾಗಿಲವರೆಗೂ ಹೋಗಿ ಒಂದು ಸಲ ವಾಪಸ್ಸು ಬಂದೆ, ಅದನ್ನೂ ಬರೆದಿದ್ದೇನೆ.

ಲಕ್ಷ್ಮಣಪ್ಪ

*

ಅನುಗೊಂಡನಹಳ್ಳಿ
3-7-2025

ಮೂರು ದಿನ. ನಾಲ್ಕನೇ ದಿನ ಹೋಗಬಹುದಿತ್ತು, ಸೋಮಾರಿತನ. ಭಾನುವಾರ ನಿಮ್ಮ ಚೌಕ ದೊಡ್ಡದಾಗಿತ್ತು, ನನ್ನದಕ್ಕೆ ಸರಿಸಮ. ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

ಅರ್ಪಿತ

*

ದೊಡ್ಡಬಳ್ಳಾಪುರ
16-7-2025

ಚಿ. ಅರ್ಪಿತಳಿಗೆ ಆಶೀರ್ವಾದ.

ಮನೆಯಲ್ಲಿ ಮೂರು ದಿನದಿಂದ ಯಾರೂ ನನ್ನ ಜೊತೆ ಮಾತಾಡುತ್ತಿಲ್ಲ. ಮಾತಾಡಿದ್ದರೂ ಕೇಳುತ್ತಿರಲಿಲ್ಲ, ಆದರೆ ಸ್ನೇಹ ತಟ್ಟೆ ಇಡುವ ರೀತಿಯಲ್ಲೇ ಗೊತ್ತಾಗುತ್ತದೆ.

ಹದಿಮೂರನೇ ತಾರೀಕು ನಾನು ಪಟ ಮಡಚಿಕೊಂಡು ವೇದಿಕೆಗೆ ಹೋಗುವಷ್ಟರಲ್ಲಿ ಕುರ್ಚಿಗಳನ್ನು ಎತ್ತುತ್ತಿದ್ದರು. ನನ್ನ ಶಾಲನ್ನು ಅಭಿಗೆ ಹೊದಿಸಿ ಕಳಿಸಿದ್ದರು. ಅವನಿಗೆ ನಾಲ್ಕು ಜನರೆದುರು ತಲೆ ತಗ್ಗಿಸುವ ಹಾಗಾಯಿತಂತೆ. ಪಿಳ್ಳಣ್ಣ ನನ್ನ ಮುಖಕ್ಕೆ ಕೈ ಆಡಿಸಿ ಏನೋ ಅಂದ.

ನನಗೆ ಗಡಿಯಾರ ನೋಡುವ ಅಭ್ಯಾಸ ಇಲ್ಲ. ಅಷ್ಟು ತಡವಾಯಿತೇ? ಅವರು ಮೈಕಿನಲ್ಲಿ ಕರೆದರೇ? ಕರೆದಿದ್ದರೆ ಎಷ್ಟು ಸಲ, ಏನೆಂದು ಕರೆದರು? ಇಲ್ಲಿ ಯಾರನ್ನು ಕೇಳಿದರೂ ಮುಖ ತಿರುಗಿಸುತ್ತಾರೆ. ನೀನು ಅಲ್ಲೇ ಇದ್ದೆ, ನಿನಗೆ ಕಿವಿ ಇದೆ. ಇದ್ದದ್ದು ಇದ್ದ ಹಾಗೆ ಬರೆ.

ಲಕ್ಷ್ಮಣಪ್ಪ

*

ಅನುಗೊಂಡನಹಳ್ಳಿ
20-7-2025, ಭಾನುವಾರ

ಮಾವನವರಿಗೆ ನಮಸ್ಕಾರ.

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಕೊನೆಯವರೆಗೆ ಓದಿ, ಆಮೇಲೆ ಬೈಯಿರಿ.

ಕರೆದರು. ಹನ್ನೊಂದು ಸಲ ಕರೆದರು. ಹನ್ನೊಂದೂ ನನಗೆ ಕೇಳಿಸಿತು.

ನಾವು ಮೂರು ಮುಕ್ಕಾಲಿಗೆ ಹಾರಿಸಲು ಶುರು ಮಾಡಿದೆವು. ಚೌಕ ಕೂಡಿತು, ಸುತ್ತು ಕೂಡಿತು. ನಾಲ್ಕಕ್ಕೆ ಸರಿಯಾಗಿ ಪಿಳ್ಳಣ್ಣ ಮೈಕ್ ಹಿಡಿದು, "ಹಿರಿಯ ಪಟಗಾರರಾದ ಶ್ರೀ ಲಕ್ಷ್ಮಣಪ್ಪನೋರು ಎಲ್ಲಿದ್ರೂ ವೇದಿಕೆಗೆ ಬರ್ಬೇಕು" ಅಂದರು. ನಾವಾಗ ಜಡೆಗೆ ಹೋಗುತ್ತಿದ್ದೆವು. ನಾನು ನಿಮ್ಮ ಕಡೆ ನೋಡಲಿಲ್ಲ. ನೋಡಿದ್ದರೆ ನೀವು ನನ್ನ ಮುಖ ನೋಡಿ ತಿಳಿದುಕೊಳ್ಳುತ್ತಿದ್ದಿರಿ. ಎರಡನೇ ಸಲ, ಮೂರನೇ ಸಲ ಅದೇ ಮಾತು. ಐದನೇ ಸಲಕ್ಕೆ "ಆ ಹೊಲ್ದಾಗೆ ಪಟ ಬಿಡ್ತಿರೋರು ಇಳಿಸ್ರಪ್ಪಾ, ಕಾರ್ಯಕ್ರಮ ಐತೆ" ಎಂದರು. ಅಷ್ಟು ಹೊತ್ತಿಗೆ ಮೂರು ಹೆಣಿಗೆ ಹಾಕಿ ಮೂರೂ ಬಿಚ್ಚಿದ್ದೆವು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಮ್ಮನ್ನು ಮುಟ್ಟಿ ವೇದಿಕೆ ಕಡೆ ಕೈ ತೋರಿಸಿದ್ದರೆ ಹತ್ತು ನಿಮಿಷದಲ್ಲಿ ಶಾಲು ನಿಮ್ಮ ಹೆಗಲ ಮೇಲಿರುತ್ತಿತ್ತು, ಅಭಿ ಅಣ್ಣನ ಮರ್ಯಾದೆಯೂ ಉಳಿಯುತ್ತಿತ್ತು.

ಆಮೇಲೆ ಅವರು, "ಲಕ್ಷ್ಮಣಪ್ಪಾ, ಕೇಳಿಸ್ತೈತೇನಯ್ಯಾ?" ಎಂದರು. ಮೈಕಿನಲ್ಲಿ. ಜನ ನಕ್ಕರು. ಒಬ್ಬಿಬ್ಬರಲ್ಲ, ಕೂತವರೆಲ್ಲ ನಕ್ಕರು. ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ನೀವು ಇದ್ದದ್ದು ಇದ್ದ ಹಾಗೆ ಎಂದಿರಿ.

ಆ ನಗು ಕೇಳಿದ ಮೇಲೆ ನಾನೇ ತಲೆಯಾಡಿಸಿ ಎರಡನೇ ಜಡೆ ಶುರು ಮಾಡಿದ್ದು. ನೀವು ಗಾಳಿ ಚೆನ್ನಾಗಿದೆ, ಅದಕ್ಕೆ ಇನ್ನೊಂದು ಕೇಳುತ್ತಿದ್ದಾಳೆ ಎಂದುಕೊಂಡಿರಿ. ಗಾಳಿಯ ವಿಷಯವಲ್ಲ. ಯಾರೂ ಕೂಗದೆ, ಯಾರ ಮಾತೂ ಕೇಳದೆ ಇಬ್ಬರು ಹೇಗೆ ಹಾರಿಸುತ್ತಾರೆ ಎಂದು ಅವರು ಪೂರ್ತಿ ನೋಡಲಿ ಎಂದು ಹಟ ಬಂತು. ಹನ್ನೊಂದನೇ ಸಲ ಕರೆದ ಮೇಲೆ ಮೈಕು ಸುಮ್ಮನಾಯಿತು. ಚಪ್ಪಾಳೆ ಬಿತ್ತೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬೀಳಲಿಲ್ಲ. ಎರಡನೇ ಜಡೆ ಬಿಚ್ಚುವವರೆಗೆ ಆ ಮೈದಾನದಲ್ಲಿ ಪಟದ ಬಟ್ಟೆಯ ಸದ್ದು ಬಿಟ್ಟರೆ ಬೇರೆ ಸದ್ದೇ ಇರಲಿಲ್ಲ.

ನಿಮ್ಮ ಶಾಲು ತಪ್ಪಿಸಿದವಳು ನಾನೇ. ಅಭಿ ಅಣ್ಣನ ಹತ್ತಿರ ಕ್ಷಮೆ ಕೇಳುತ್ತೇನೆ. ನಿಮ್ಮ ಹತ್ತಿರ ಕೇಳಲ್ಲ.

ಸಂಘದಿಂದ ನನಗೆ ನೋಟೀಸು ಬಂದಿದೆ, ಎರಡು ವರ್ಷ ನಮ್ಮಿಬ್ಬರಿಗೂ ಪ್ರವೇಶವಿಲ್ಲ. ನಿಮಗೂ ಬಂದಿರಬೇಕು. ಮುನಿವೆಂಕಟಪ್ಪನವರಿಗೆ ಹೇಳಿದೆ. ಅವರು ಬೇಲಿಗೆ ಇನ್ನೊಂದು ಸಾಲು ತಂತಿ ಹಾಕಿಸುತ್ತಾರಂತೆ.

ಈ ವಾರ ನಾಲ್ಕು ದಿನ.

ಅರ್ಪಿತ

*

ದೊಡ್ಡಬಳ್ಳಾಪುರ
25-7-2025

ಚಿ. ಅರ್ಪಿತಳಿಗೆ ಆಶೀರ್ವಾದ.

ನೋಟೀಸು ನನಗೂ ಬಂದಿದೆ. ಕಪಾಟಿನ ಕೆಳಗೆ ಮಡಚಿ ಇಟ್ಟೆ, ಅದರ ಒಂದು ಕಾಲು ಅಲುಗಾಡುತ್ತಿತ್ತು.

ನೀನು ಬರೆದದ್ದೆಲ್ಲ ಓದಿದೆ. ನಕ್ಕರು ಎಂದು ಬರೆದದ್ದನ್ನೂ ಓದಿದೆ. ನಕ್ಕಿರುತ್ತಾರೆ ಎಂದು ಗೊತ್ತಿತ್ತು, ಆದರೆ ಮನೆಯವರು ಯಾರೂ ಹೇಳುತ್ತಿರಲಿಲ್ಲ. ಹೇಳಿದ್ದಕ್ಕೆ ನಿನ್ನ ಮೇಲೆ ವಿಶ್ವಾಸ ಹೆಚ್ಚಾಯಿತು. ನೀನು ಹೇಳುತ್ತೀಯೋ ಇಲ್ಲವೋ ಎಂದು ನೋಡಲಿಕ್ಕೇ ನಾನು ಕೇಳಿದ್ದು.

ಯಾಕೆಂದರೆ ಉತ್ತರ ನನಗೆ ಗೊತ್ತಿತ್ತು. ಪಡುವಣ ಗಾಳಿಗೆ ಬೆನ್ನು ಕೊಟ್ಟು ನಿಂತಿದ್ದೆವಲ್ಲ, ಆ ವೇದಿಕೆ ನಮ್ಮ ಎದುರಿಗೇ ಇತ್ತು, ನೂರು ಮಾರು ದೂರದಲ್ಲಿ. ಪಿಳ್ಳಣ್ಣ ಎದ್ದು ನಿಂತು ಆ ಕೆಂಪು ಶಾಲನ್ನು ಬಿಚ್ಚಿ ಎರಡು ಕೈಯಲ್ಲೂ ಎತ್ತಿ ಬೀಸುತ್ತಿದ್ದ. ಮೊದಲ ಸಲ ಬೀಸಿದಾಗಲೇ ನೋಡಿದೆ. ಅಭಿ ಕುರ್ಚಿಯಿಂದ ಎದ್ದು ಕೈ ಸನ್ನೆ ಮಾಡಿದ್ದನ್ನೂ ನೋಡಿದೆ. ನನ್ನ ಕಿವಿ ಹೋಗಿದೆ ಕಣಮ್ಮ, ಕಣ್ಣು ಹೋಗಿಲ್ಲ.

ನೀನು ಎರಡನೇ ಜಡೆಗೆ ತಲೆಯಾಡಿಸಿದಾಗ, ಇವಳಿಗೆ ಕೇಳಿಸುತ್ತಿದೆ, ಕೇಳಿಸಿಯೂ ನಿಲ್ಲಿಸುತ್ತಿಲ್ಲ ಎಂದು ಅರ್ಥವಾಯಿತು. ಹಾಗಾಗಿ ನನ್ನ ಶಾಲು ತಪ್ಪಿಸಿದೆ ಎಂದು ನೀನೊಬ್ಬಳೇ ಹೊತ್ತುಕೊಳ್ಳಬೇಡ. ಅದನ್ನು ಬೇಡ ಅಂದವನು ನಾನು.

ಅಭಿಗೆ ನಿನ್ನೆ ಈ ಮಾತನ್ನೇ ಚೀಟಿಯಲ್ಲಿ ಬರೆದು ಕೊಟ್ಟೆ. ನೋಡಿಯೂ ಬರಲಿಲ್ಲ ಎಂದು ಬರೆದೆ. ಎರಡು ಸಲ ಓದಿದ. ಆಮೇಲೆ ಅದೇ ಚೀಟಿಯ ಕೆಳಗೆ "ಆವತ್ತು ಪಟ ಚೆನ್ನಾಗಿತ್ತು ಅಪ್ಪ" ಎಂದು ಬರೆದು ಕೊಟ್ಟು ಮಗ್ಗದ ಮನೆಗೆ ಹೋದ.

ಆ ಶಾಲನ್ನು ಮನೆಗೆ ತಂದಿಟ್ಟಿದ್ದಾನೆ. ಬೆರಳಲ್ಲಿ ಹಿಡಿದು ನೋಡಿದೆ. ಪಾಲಿಯೆಸ್ಟರು, ಸೂರತ್ತಿನ ಮಾಲು, ಅಂಚು ಸರಿಯಾಗಿ ಕೂತಿಲ್ಲ. ನೇಕಾರನ ಮನೆಗೆ ಇಂಥದ್ದು ತರಲು ಅವರಿಗೆ ನಾಚಿಕೆಯಾಗಬೇಕು. ಪಟ ಸುತ್ತಿಡಲು ಆಗಬಹುದು ಎಂದು ಸ್ನೇಹ ಸನ್ನೆ ಮಾಡಿದಳು. ಬೇಡ ಅಂದೆ, ಪಟಕ್ಕೆ ಮರ್ಯಾದೆ ಬೇಡವೇ.

ಈ ವಾರ ಏಳು ದಿನ.

ಲಕ್ಷ್ಮಣಪ್ಪ, ನೇಕಾರ